ಗಡಿಯಾಚೆಯ ಮದ್ಯದ ಬೆಲೆ: ವಿರಾಜಪೇಟೆಯಿಂದ ತಾಲಿನ್‌ವರೆಗೆ

ಕೊಡಗಿನಲ್ಲಿ ವಿದೇಶದಿಂದ ಮರಳಿದವರನ್ನು ಮಾತನಾಡಿಸುವಾಗ ಕಾಫಿಯ ದರ, ಮಳೆಯ ಲೆಕ್ಕ, ಮಕ್ಕಳ ಓದು ಎಲ್ಲ ಮುಗಿದ ಮೇಲೆ ತಪ್ಪದೆ ಬರುವ ಪ್ರಶ್ನೆಯೊಂದಿದೆ: ಅಲ್ಲಿ ಬಾಟಲಿಗೆ ಎಷ್ಟು, ಎಷ್ಟು ತರಲು ಬಿಡುತ್ತಾರೆ? ಗುರು ಕಾರೋಣರಿಗೆ, ಅಂದರೆ ಮನೆತನದ ಗತಿಸಿದ ಹಿರಿಯರಿಗೆ, ಮೀದಿ (ಎಡೆ) ಇಡುವಾಗ ಮಾಂಸದೊಡನೆ ಮದ್ಯವನ್ನೂ ಇಡುವ, ಮದುವೆಯ ಮನೆಯಲ್ಲಿ ಅತಿಥಿಗೆ ಮರ್ಯಾದೆಯಿಂದ ಅದನ್ನು ನೀಡುವ ನಾಡಿನಲ್ಲಿ ಈ ಪ್ರಶ್ನೆ ಸಹಜವಾದದ್ದು. ಹಾಗೆ ಕೇಳಿದವರಿಗೆ ಒಂದು ಸಂಖ್ಯೆಯನ್ನು ಹೇಳಿ ಸುಮ್ಮನಾಗುವುದು ಸರಿಯಲ್ಲವೆಂದು ನನಗೆ ಬಹಳ ದಿನಗಳಿಂದ ಅನ್ನಿಸುತ್ತಿತ್ತು. ಏಕೆಂದರೆ ಗಡಿಯ ಈಚೆ ಮತ್ತು ಆಚೆ ಒಂದೇ ಬಾಟಲಿಗೆ ಎರಡು ಬೆಲೆಗಳಿರುವುದಕ್ಕೆ ಕಾರಣ ಬಹುಮಟ್ಟಿಗೆ ತೆರಿಗೆ. ಒಂದು ಸರ್ಕಾರ ತನ್ನ ತೆರಿಗೆಯನ್ನು ಎಷ್ಟೇ ಯೋಚಿಸಿ ವಿಧಿಸಿದರೂ ಅದರ ಫಲವನ್ನು ನೆರೆಯ ಸರ್ಕಾರದ ತೆರಿಗೆಯೂ ಸೇರಿ ನಿರ್ಧರಿಸುತ್ತದೆ ಎಂಬುದನ್ನು ನಾನು ಕಂಡದ್ದು ಕೇರಳದ ಗಡಿಯಲ್ಲಿರುವ ನಮ್ಮ ಮಾಕುಟ್ಟದಲ್ಲಿ ಮತ್ತು ಬಾಲ್ಟಿಕ್ ಸಮುದ್ರದ ದಡದಲ್ಲಿ.

ಬೆಲೆಯ ಈ ಅಂತರ ನಮ್ಮವರಿಗೆ ಹೊಸದೇನಲ್ಲ. ಪ್ರತಿ ಒಕ್ಕದಲ್ಲೂ (ಮನೆತನದಲ್ಲೂ) ಒಬ್ಬಿಬ್ಬರು ಸೇನೆಯಲ್ಲಿದ್ದು ಬಂದವರಿರುವ ಜಿಲ್ಲೆ ಇದು. ನನ್ನ ತಂದೆಯೂ ಅವರಲ್ಲಿ ಒಬ್ಬರು. ಸೇನಾ ಕ್ಯಾಂಟೀನಿನ ರಮ್ಮಿಗೂ ಪೇಟೆಯ ಅಂಗಡಿಯ ರಮ್ಮಿಗೂ ಇರುವ ವ್ಯತ್ಯಾಸ ಪಾನೀಯದ್ದಲ್ಲ, ಸುಂಕದ ರಿಯಾಯಿತಿಯದ್ದು ಎಂಬುದು ಇಲ್ಲಿನ ಮಕ್ಕಳಿಗೂ ಗೊತ್ತು. ಆ ರಿಯಾಯಿತಿ ಯೋಧನಿಗೆ ಸಲ್ಲುವ ಗೌರವವಾದ್ದರಿಂದ ಕೋಟಾದ ಬಾಟಲಿಯನ್ನು ಮಾರುವುದು ಅಪರಾಧ ಮಾತ್ರವಲ್ಲ, ಮನೆತನಕ್ಕೆ ತಕ್ಕದ್ದೂ ಅಲ್ಲ ಎಂದು ತಂದೆ ಹೇಳುತ್ತಿದ್ದರು.

ಇನ್ನು ಭೂಗಡಿಗಳ ಮಾತು. ಪೆರುಂಬಾಡಿಯಿಂದ ಘಾಟಿ ಇಳಿದು ಮಾಕುಟ್ಟ ದಾಟಿದರೆ ಕೇರಳ. ಕುಟ್ಟದಾಚೆ ತೋಲ್ಪೆಟ್ಟಿ, ಕರಿಕೆಯಾಚೆ ಪಾಣತ್ತೂರು. ಮಾನವ ಬಳಕೆಯ ಮದ್ಯವನ್ನು 2017ರಲ್ಲಿ ಬಂದ ಜಿ.ಎಸ್.ಟಿ. ವ್ಯವಸ್ಥೆಯಿಂದ ಹೊರಗಿಟ್ಟಿರುವುದರಿಂದ ಪ್ರತಿ ರಾಜ್ಯವೂ ತನ್ನದೇ ಸುಂಕವನ್ನು, ತನ್ನದೇ ಮಾರಾಟದ ಕ್ರಮವನ್ನು ಇಟ್ಟುಕೊಂಡಿದೆ. ಕೇರಳದಲ್ಲಿ ಸರ್ಕಾರದ ಬೆವ್ಕೋ ಮಳಿಗೆಗಳು ಹೆಚ್ಚಿನ ಮಾರಾಟವನ್ನು ನಡೆಸುತ್ತವೆ ಮತ್ತು ಮದ್ಯದ ಮಾರಾಟ ತೆರಿಗೆ ಅಲ್ಲಿ ಶೇ. 200ನ್ನೂ ಮೀರಿದೆ. ಆದರೆ ಅದೇ ಕರಾವಳಿಯಲ್ಲಿ ಕಣ್ಣೂರು ಮತ್ತು ಕೋಯಿಕ್ಕೋಡುಗಳ ನಡುವೆ ಪುದುಚೇರಿಗೆ ಸೇರಿದ ಮಾಹೆ ಎಂಬ ಪುಟ್ಟ ಪಟ್ಟಣವಿದ್ದು, ಅಲ್ಲಿನ ಕಡಿಮೆ ತೆರಿಗೆಯಿಂದಾಗಿ ರಸ್ತೆಯ ಎರಡೂ ಬದಿಗೆ ಮದ್ಯದಂಗಡಿಗಳು ಸಾಲುಗಟ್ಟಿವೆ. ನಮ್ಮ ಕರ್ನಾಟಕವೂ 2024ರಲ್ಲಿ ಅಬಕಾರಿ ಸ್ಲ್ಯಾಬುಗಳನ್ನು ಪರಿಷ್ಕರಿಸಿ ದುಬಾರಿ ಶ್ರೇಣಿಯ ಮದ್ಯಗಳ ಬೆಲೆಯನ್ನು ಇಳಿಸಿತು. ಸರ್ಕಾರ ಅದಕ್ಕೆ ಕೊಟ್ಟ ಕಾರಣ ನೆರೆ ರಾಜ್ಯಗಳ ದರಗಳೊಡನೆ ಸರಿಹೊಂದಿಸಬೇಕೆಂಬುದೇ ಆಗಿತ್ತು. ಒಂದು ದೇಶದೊಳಗೇ ಹೀಗಿರುವಾಗ ಎರಡು ದೇಶಗಳ ನಡುವೆ ಏನಾಗಬಹುದೆಂದು ನೋಡುವ ಅವಕಾಶ ನನಗೆ ದೊರೆತದ್ದು ಹೆಲ್ಸಿಂಕಿಯಲ್ಲಿ ಕೆಲಸದಲ್ಲಿರುವ ಅಣ್ಣನ ಮಗಳ ಮನೆಗೆ ಹೋದಾಗ.

ಅದಕ್ಕೂ ಮೊದಲು ಹೋಲಿಕೆಯ ಕ್ರಮವನ್ನು ಹೇಳಬೇಕು, ಏಕೆಂದರೆ ಬಾಟಲಿಗೆ ಬಾಟಲಿ ಇಟ್ಟು ಹೋಲಿಸುವುದು ತಪ್ಪು ಲೆಕ್ಕಕ್ಕೆ ದಾರಿ. ನಮ್ಮ ಅಂಗಡಿಯ ಪೂರ್ಣ ಬಾಟಲಿ 750 ಮಿಲಿಲೀಟರಿನದು, ಭಾರತದಲ್ಲೇ ತಯಾರಾದ ರಮ್ಮು, ವಿಸ್ಕಿಗಳ ಸಾಮಾನ್ಯ ತೀಕ್ಷ್ಣತೆ, ಅಂದರೆ ಅವುಗಳಲ್ಲಿರುವ ಆಲ್ಕೋಹಾಲಿನ ಪ್ರಮಾಣ, ಶೇ. 42.8. ಯುರೋಪಿನ ಅಂಗಡಿಯ ಬಾಟಲಿ 700 ಮಿಲಿಲೀಟರಿನದು, ಅದರ ತೀಕ್ಷ್ಣತೆ ಹೆಚ್ಚಾಗಿ ಶೇ. 40. ವಿಮಾನ ನಿಲ್ದಾಣದ ಸುಂಕರಹಿತ ಮಳಿಗೆಯಲ್ಲಿ ಒಂದು ಲೀಟರಿನ ಬಾಟಲಿಯೇ ರೂಢಿ. ಶುದ್ಧ ಆಲ್ಕೋಹಾಲಿನ ಲೆಕ್ಕ ಹಾಕಿದರೆ ನಮ್ಮ ಬಾಟಲಿಯಲ್ಲಿ 321 ಮಿಲಿಲೀಟರ್, ಯುರೋಪಿನದರಲ್ಲಿ 280, ಸುಂಕರಹಿತ ಬಾಟಲಿಯಲ್ಲಿ 400 ಇರುತ್ತದೆ. ಅಂದರೆ ಯುರೋಪಿನ ಅಂಗಡಿಯ ಬಾಟಲಿ ನಮ್ಮದಕ್ಕಿಂತ ಸುಮಾರು ಎಂಟನೇ ಒಂದು ಭಾಗ ಕಡಿಮೆ, ಸುಂಕರಹಿತ ಮಳಿಗೆಯದು ಸುಮಾರು ಕಾಲು ಭಾಗ ಹೆಚ್ಚು. ಸರ್ಕಾರಗಳು ರಮ್ಮು, ವಿಸ್ಕಿಗಳಂಥ ತೀಕ್ಷ್ಣ ಮದ್ಯಕ್ಕೆ ಸುಂಕ ಹಾಕುವಾಗಲೂ ಎಷ್ಟೋ ಕಡೆ ಈ ಶುದ್ಧ ಆಲ್ಕೋಹಾಲಿನ ಪ್ರಮಾಣವನ್ನೇ ಆಧಾರವಾಗಿ ಇಟ್ಟುಕೊಳ್ಳುವುದರಿಂದ ಗ್ರಾಹಕನೂ ಅದನ್ನೇ ಅಳತೆಗೋಲಾಗಿ ಹಿಡಿಯುವುದು ಒಳ್ಳೆಯದು. ವಿದೇಶಿ ಹಣದ ವಿನಿಮಯಕ್ಕೆ ಬ್ಯಾಂಕು ಹಿಡಿದುಕೊಳ್ಳುವ ಶುಲ್ಕವನ್ನೂ ಕೂಡಿಸಬೇಕು. ಸುಂಕರಹಿತ ಮಳಿಗೆಗಳಿಗೆಂದೇ ತಯಾರಾಗುವ ಕೆಲವು ವಿಸ್ಕಿಗಳು ಬೇರೆಲ್ಲೂ ಸಿಗುವುದಿಲ್ಲವಾದ್ದರಿಂದ ಅವುಗಳ ಬೆಲೆ ಅಗ್ಗವೋ ದುಬಾರಿಯೋ ಎಂದು ಹೇಳಲು ಆಧಾರವೇ ಇರುವುದಿಲ್ಲ. ಅಂಥವನ್ನು ನಾನು ಹೋಲಿಕೆಯಿಂದ ಹೊರಗಿಡುತ್ತೇನೆ.

ಈಗ ಫಿನ್ಲೆಂಡಿಗೆ ಬರೋಣ. ಅಲ್ಲಿ 1919ರಿಂದ 1932ರವರೆಗೆ ಪಾನನಿಷೇಧವಿತ್ತು, ಆ ಕಾಲದಲ್ಲಿ ಎಸ್ಟೋನಿಯಾ ಕಡೆಯಿಂದ ದೋಣಿಗಳಲ್ಲಿ ಸ್ಪಿರಿಟ್ ಕದ್ದು ಸಾಗಿಸುವುದು ದೊಡ್ಡ ದಂಧೆಯಾಗಿ ಬೆಳೆದಿತ್ತು. ನಿಷೇಧ ತೆರವಾಗಿ ಸರ್ಕಾರಿ ಏಕಸ್ವಾಮ್ಯದ ಆಲ್ಕೋ ಮಳಿಗೆಗಳು ಬಾಗಿಲು ತೆರೆದದ್ದು 1932ರ ಏಪ್ರಿಲ್ 5ರಂದು ಬೆಳಿಗ್ಗೆ 10 ಗಂಟೆಗೆ. ದಿನ, ತಿಂಗಳು, ವರ್ಷ, ಗಂಟೆಗಳನ್ನು ಒಟ್ಟಿಗೆ ಬರೆದರೆ 543210 ಎಂದಾಗುವುದರಿಂದ ಆ ಕ್ಷಣ ಅಲ್ಲಿನವರಿಗೆ ಇಂದಿಗೂ ನೆನಪಿದೆ. ಈಗಲೂ ತೀಕ್ಷ್ಣ ಮದ್ಯ ಆಲ್ಕೋದಲ್ಲಿ ಮಾತ್ರ ದೊರೆಯುತ್ತದೆ. ದಿನಸಿ ಅಂಗಡಿಗಳಿಗೆ 2018ರಲ್ಲಿ ಶೇ. 5.5ರವರೆಗಿನ ಪಾನೀಯಗಳನ್ನು, 2024ರಲ್ಲಿ ಹುದುಗಿಸಿ ತಯಾರಿಸಿದವುಗಳಾದರೆ ಶೇ. 8ರವರೆಗಿನವನ್ನು ಮಾರಲು ಅನುಮತಿ ಸಿಕ್ಕಿತು. ಐರೋಪ್ಯ ಒಕ್ಕೂಟದ ಸರಾಸರಿಯನ್ನು ನೂರೆಂದು ಹಿಡಿದರೆ ಫಿನ್ಲೆಂಡಿನ ಮದ್ಯದ ಬೆಲೆ ಅದರ ಸುಮಾರು ಎರಡು ಪಟ್ಟು ನಿಲ್ಲುತ್ತದೆ. ಇದಕ್ಕೆ ಕಾರಣ ಅಲ್ಲಿನ ಅಬಕಾರಿ ತೆರಿಗೆಯೇ, ಮತ್ತು ಆ ತೆರಿಗೆಯ ಹಿಂದಿರುವುದು ಜನರ ಆರೋಗ್ಯದ ಚಿಂತೆ.

ಹೆಲ್ಸಿಂಕಿಯಿಂದ ಎಸ್ಟೋನಿಯಾದ ರಾಜಧಾನಿ ತಾಲಿನ್ ನಗರಕ್ಕೆ ಸಮುದ್ರದಲ್ಲಿ ಸುಮಾರು 80 ಕಿಲೋಮೀಟರ್, ದೊಡ್ಡ ಹಡಗಿನಲ್ಲಿ ಎರಡು ಗಂಟೆಯ ದಾರಿ. ಬೆಳಿಗ್ಗೆ ಹೊರಡುವ ಹಡಗಿನಲ್ಲಿ ಖಾಲಿ ಕೈಗಾಡಿಗಳನ್ನು ಎಳೆದುಕೊಂಡು ಬರುವ ನಿವೃತ್ತರನ್ನು, ಗೆಳೆಯರ ಗುಂಪುಗಳನ್ನು, ಮನೆಯ ಸಮಾರಂಭಕ್ಕೆ ಸಿದ್ಧತೆ ಮಾಡಿಕೊಳ್ಳುವ ದಂಪತಿಗಳನ್ನು ನೋಡಿದೆ. ಸಂಜೆ ಮರಳುವಾಗ ಆ ಗಾಡಿಗಳ ಮೇಲೆ ಬಿಯರ್ ಡಬ್ಬಿಗಳ ಪೆಟ್ಟಿಗೆಗಳು ಹಗ್ಗದಿಂದ ಬಿಗಿದು ಕುಳಿತಿದ್ದವು. ಕಾರು ತಂದವರ ಡಿಕ್ಕಿಯಂತೂ ನೆಲ ಮುಟ್ಟುವಷ್ಟು ಇಳಿದಿರುತ್ತದೆ. ತಾಲಿನ್ ಬಂದರಿನ ಸುತ್ತ ಇರುವ ಸಗಟು ಮದ್ಯದಂಗಡಿಗಳು ಫಿನ್ನಿಷ್ ಭಾಷೆಯಲ್ಲೇ ಫಲಕ ಹಾಕಿಕೊಂಡಿವೆ. ಎರಡೂ ದೇಶಗಳ ಹಣ ಯುರೋ ಆದ್ದರಿಂದ ಪಟ್ಟಿಗಳನ್ನು ಹೋಲಿಸುವುದು ಸುಲಭ, ಎರಡೂ ಒಕ್ಕೂಟದ ಸದಸ್ಯರಾದ್ದರಿಂದ ತೆರಿಗೆ ಕೊಟ್ಟು ಕೊಂಡ ಮದ್ಯವನ್ನು ಸ್ವಂತ ಬಳಕೆಗೆ ತರುವುದಕ್ಕೆ ಸುಂಕವಿಲ್ಲ. ಸ್ವಂತ ಬಳಕೆ ಎಂದರೆ ಎಷ್ಟು ಎಂಬುದಕ್ಕೆ ಒಕ್ಕೂಟದ ಮಾರ್ಗಸೂಚಿ ಹೀಗಿದೆ: ತೀಕ್ಷ್ಣ ಮದ್ಯ 10 ಲೀಟರ್, ಅದಕ್ಕಿಂತ ಮೃದುವಾದ ಮಧ್ಯಮ ಬಗೆಯದು 20 ಲೀಟರ್, ವೈನ್ 90 ಲೀಟರ್, ಬಿಯರ್ 110 ಲೀಟರ್. ಬಿಯರಿನ ಮಿತಿಯೊಂದನ್ನೇ ತೆಗೆದುಕೊಂಡರೂ 24 ಡಬ್ಬಿಗಳ ಸುಮಾರು ಹದಿನಾಲ್ಕು ಪೆಟ್ಟಿಗೆಗಳಾಗುತ್ತವೆ. ತಾವೇ ಕೊಂಡು ತಾವೇ ಸಾಗಿಸಬೇಕು, ಮಾರಕೂಡದು ಎಂಬುದು ನಿಯಮದ ತಿರುಳು.

ಇದರ ಹಿನ್ನೆಲೆಯಲ್ಲಿರುವ ಒಂದು ವರ್ಷದ ಕತೆ ನನ್ನನ್ನು ಬಹಳ ಕಾಡಿದೆ. 2004ರ ಮೇ 1ರಂದು ಎಸ್ಟೋನಿಯಾ ಒಕ್ಕೂಟವನ್ನು ಸೇರುವುದಿತ್ತು. ಅಗ್ಗದ ಮದ್ಯ ಹಡಗುಗಟ್ಟಲೆ ಹರಿದು ಬರುವುದು ಖಚಿತವೆಂದು ತಿಳಿದ ಫಿನ್ಲೆಂಡ್ ಸರ್ಕಾರ ಆ ಮಾರ್ಚಿನಲ್ಲೇ ತನ್ನ ಮದ್ಯ ತೆರಿಗೆಯನ್ನು ಸರಾಸರಿ ಮೂರನೇ ಒಂದು ಭಾಗದಷ್ಟು ಕಡಿತ ಮಾಡಿತು. ತೀಕ್ಷ್ಣ ಮದ್ಯದ ಮೇಲಿನ ಕಡಿತ ಅದಕ್ಕೂ ಹೆಚ್ಚು. ಜನ ಎದುರು ದಡಕ್ಕೆ ಹೋಗದೆ ತಮ್ಮ ಅಂಗಡಿಯಲ್ಲೇ ಕೊಳ್ಳಲಿ ಎಂಬುದು ಲೆಕ್ಕಾಚಾರ. ಜನ ಇಲ್ಲಿಯೂ ಕೊಂಡರು, ಅಲ್ಲಿಯೂ ಕೊಂಡರು. ಅದೇ ವರ್ಷ ಒಟ್ಟು ಸೇವನೆ ಸುಮಾರು ಶೇ. 10ರಷ್ಟು ಏರಿತು, ಯಕೃತ್ತಿನ ಕಾಯಿಲೆಯೂ ಸೇರಿದಂತೆ ಕುಡಿತದಿಂದಾಗುವ ಸಾವುಗಳು ಹೆಚ್ಚಿದವು, ಮತ್ತು ಅವು ಹೆಚ್ಚಾಗಿ ಬಡವರ, ಕೆಲಸವಿಲ್ಲದವರ ಮನೆಗಳಲ್ಲಿ ಸಂಭವಿಸಿದವು. 2008ರಿಂದ ಫಿನ್ಲೆಂಡ್ ಮತ್ತೆ ಹಂತಹಂತವಾಗಿ ತೆರಿಗೆ ಏರಿಸತೊಡಗಿತು. ಮದ್ಯದ ಬೆಲೆ ಇಳಿದರೆ ಒಳ್ಳೆಯದೆಂದು ಪಟ್ಟಂತ ಹೇಳುವವರಿಗೆ ನಾನು ಈ ಪ್ರಸಂಗವನ್ನು ವಿವರಿಸುತ್ತೇನೆ. ಬೆಲೆ ಇಳಿದಾಗ ಮೊದಲು ಕಷ್ಟಕ್ಕೆ ಸಿಲುಕುವವರು ವಾರಕ್ಕೊಮ್ಮೆ ಒಂದು ಪೆಗ್ ಕುಡಿಯುವವರಲ್ಲ, ಬಿಡಲಾಗದೆ ಕುಡಿಯುವವರು. ತೋಟದ ಲೈನುಮನೆಗಳ (ಸಾಲುಮನೆಗಳ) ಕೂಲಿ ಕಾರ್ಮಿಕರ ಬದುಕನ್ನು ಹತ್ತಿರದಿಂದ ಕಂಡ ನಮಗೆ ಇದು ಬೇಗ ಅರ್ಥವಾಗಬೇಕು.

ಕತೆ ಅಲ್ಲಿಗೆ ನಿಲ್ಲಲಿಲ್ಲ. ಎಸ್ಟೋನಿಯಾ ಕೂಡ ತನ್ನ ಜನರ ಕುಡಿತವನ್ನು ತಗ್ಗಿಸಲೆಂದು ತೆರಿಗೆಯನ್ನು ಮೇಲಿಂದ ಮೇಲೆ ಏರಿಸಿತು, 2017ರ ಬೇಸಿಗೆಯಲ್ಲಿ ಬಿಯರಿನ ಮೇಲಿನ ಏರಿಕೆ ವಿಶೇಷವಾಗಿ ತೀವ್ರವಾಗಿತ್ತು. ಆಗ ಎಸ್ಟೋನಿಯಾದವರು ದಕ್ಷಿಣಕ್ಕೆ ಲಾಟ್ವಿಯಾದ ಕಡೆ ಕಾರು ತಿರುಗಿಸಿದರು. ವಾಲ್ಗಾ ಮತ್ತು ವಾಲ್ಕಾ ಎಂಬುದು ಗಡಿರೇಖೆಯಿಂದ ಎರಡಾದ ಒಂದೇ ಊರು. ಬೀದಿ ದಾಟಿದರೆ ಬೇರೆ ದೇಶ, ಬೇರೆ ಬೆಲೆ. ಲಾಟ್ವಿಯಾದ ಬದಿಯಲ್ಲಿ ದೊಡ್ಡ ಮದ್ಯದಂಗಡಿಗಳು ಎದ್ದವು, ಹಡಗಿನಲ್ಲಿ ಬಂದ ಫಿನ್ಲೆಂಡಿನವರೂ ಕೆಲವರು ಅಲ್ಲಿಯವರೆಗೆ ಹೋದರು. ಕೊನೆಗೆ ಎಸ್ಟೋನಿಯಾ 2019ರ ಜುಲೈ 1ರಿಂದ ಬಿಯರ್ ಮತ್ತು ತೀಕ್ಷ್ಣ ಮದ್ಯದ ಸುಂಕವನ್ನು ಶೇ. 25ರಷ್ಟು ಇಳಿಸಿತು; ಅದರ ಬೆನ್ನಲ್ಲೇ ಲಾಟ್ವಿಯಾ ತೀಕ್ಷ್ಣ ಮದ್ಯದ ಸುಂಕವನ್ನು ಶೇ. 15ರಷ್ಟು ಇಳಿಸಿ ಉತ್ತರ ಕೊಟ್ಟಿತು. ಏಣಿಯ ಮೆಟ್ಟಿಲುಗಳಂತೆ ಫಿನ್ಲೆಂಡಿನ ಕೆಳಗೆ ಎಸ್ಟೋನಿಯಾ, ಅದರ ಕೆಳಗೆ ಲಾಟ್ವಿಯಾ ನಿಂತಿರುವಾಗ ಯಾವ ಸರ್ಕಾರವೂ ತನ್ನ ಮೆಟ್ಟಿಲನ್ನು ಒಂಟಿಯಾಗಿ ಸರಿಸಲಾರದು. ನಾರ್ವೆ ಮತ್ತು ಸ್ವೀಡನ್ನುಗಳ ನಡುವೆ ಸ್ವೀನೆಸುಂಡ್ ಸೇತುವೆಯ ಬಳಿ ನಡೆಯುವುದೂ ಇದೇ. ಆದರೆ ನಾರ್ವೆ ಒಕ್ಕೂಟದ ಹೊರಗಿರುವುದರಿಂದ ಅಲ್ಲಿ ಗಡಿಯ ಕೋಟಾ ಚಿಕ್ಕದು, ಲೆಕ್ಕವೂ ಬಿಗಿ.

ನಮ್ಮ ದೇಶದ ಭೂಗಡಿಗಳಲ್ಲಿ ಇಷ್ಟು ಸಲೀಸಿಲ್ಲ. ಉತ್ತರ ಬಂಗಾಳದಲ್ಲಿ ಸೇವೆಯಲ್ಲಿದ್ದ ನನ್ನ ಸೋದರಮಾವ ಜೈಗಾಂವ್ ಪಟ್ಟಣದಿಂದ ದ್ವಾರ ದಾಟಿದರೆ ಸಿಗುವ ಭೂತಾನಿನ ಫುಂಟ್‌ಶೋಲಿಂಗ್ ಬಗ್ಗೆ ಹೇಳುತ್ತಿದ್ದರು. ಭೂತಾನಿನ ಙುಲ್ಟ್ರಮ್ ನಮ್ಮ ರೂಪಾಯಿಗೆ ಸಮನಾಗಿ ನಿಗದಿಯಾಗಿರುವುದರಿಂದ ಅಲ್ಲಿನ ಪಟ್ಟಿಯನ್ನು ನೇರವಾಗಿ ಓದಬಹುದು. ನೇಪಾಳದಲ್ಲಿ ನಮ್ಮ ಒಂದು ರೂಪಾಯಿಗೆ ಅವರ 1.60 ರೂಪಾಯಿ ಎಂಬ ದರ 1993ರಿಂದಲೂ ಸ್ಥಿರವಾಗಿದೆ. ಭೂತಾನಿನ ಹೆಸರಾಂತ ವಿಸ್ಕಿಗಳನ್ನು ತಯಾರಿಸುವುದು ಅಲ್ಲಿನ ಆರ್ಮಿ ವೆಲ್ಫೇರ್ ಪ್ರಾಜೆಕ್ಟ್ ಎಂಬ ಸಂಸ್ಥೆ, ಅದರ ಲಾಭ ಸೈನಿಕರ ಕಲ್ಯಾಣಕ್ಕೆ ಸಲ್ಲುತ್ತದೆ ಎಂಬ ವಿಚಾರವನ್ನು ಮಾವ ಅಭಿಮಾನದಿಂದ ಹೇಳುತ್ತಿದ್ದರು. ಆದರೆ ಅಗ್ಗವಾಗಿ ಕೊಂಡದ್ದನ್ನು ಈಚೆ ತರುವ ಪ್ರಶ್ನೆ ಬೇರೆ. ನೇಪಾಳದ ಬೀರ್‌ಗಂಜಿನಲ್ಲಿ ಕಾನೂನುಬದ್ಧವಾಗಿ ಕೊಂಡ ರಮ್ಮಿನ ಬಾಟಲಿ ಕೆಲವೇ ನಿಮಿಷಗಳಲ್ಲಿ ರಕ್ಸೌಲ್ ತಲುಪಿದರೆ ಅದು ಬಿಹಾರ. ಅಲ್ಲಿ 2016ರ ಏಪ್ರಿಲಿನಿಂದ ಪೂರ್ಣ ಪಾನನಿಷೇಧವಿದ್ದು, ಮದ್ಯವನ್ನು ಹೊಂದಿರುವುದೇ ಬಂಧನಕ್ಕೆ ಕಾರಣವಾಗಬಲ್ಲ ಅಪರಾಧ. ಯಾತ್ರೆಗೆಂದು ಪಶುಪತಿನಾಥಕ್ಕೆ ಹೋಗಿ ರಸ್ತೆಯಲ್ಲಿ ಮರಳುವ ನಮ್ಮ ಕಡೆಯವರು ಇದನ್ನು ಮನಸ್ಸಿನಲ್ಲಿಡಬೇಕು.

ಕೊಲ್ಲಿ ದೇಶಗಳಿಂದ ಬರುವವರಿಗೂ ಒಂದು ಮಾತು. ದುಬೈ ನಗರದ ಅಂಗಡಿಗಳಲ್ಲಿ ಮದ್ಯದ ಮೇಲಿದ್ದ ಶೇ. 30ರ ತೆರಿಗೆಯನ್ನು 2023ರ ಜನವರಿಯಲ್ಲಿ ಕೈಬಿಟ್ಟು 2025ರ ಜನವರಿಯಲ್ಲಿ ಮತ್ತೆ ಹೇರಿದರು. ಹೀಗಾಗಿ ಆ ನಡುವಿನ ವರ್ಷಗಳಲ್ಲಿ ಬಂದವರು ಹೇಳುವ ಬೆಲೆಯನ್ನು ಇಂದಿನದೆಂದು ನಂಬುವಂತಿಲ್ಲ. ಶಾರ್ಜಾ ನಗರದ ಅಂಗಡಿಗಳಲ್ಲಿ ಮದ್ಯ ಮಾರುವುದಿಲ್ಲ, ಕುವೈತ್ ಮತ್ತು ಸೌದಿ ಅರೇಬಿಯಾಗಳಿಗೆ ಕೊಂಡೊಯ್ಯುವುದನ್ನು ಯೋಚಿಸಲೂಬಾರದು.

ಇಷ್ಟೆಲ್ಲ ಆದ ಮೇಲೆ ವಿದೇಶದಿಂದ ತಂದ ಬಾಟಲಿ ನಮ್ಮಲ್ಲಿ ಅಗ್ಗವೆನಿಸುವುದೇಕೆ? ಆಮದಾದ ಸ್ಕಾಚ್ ವಿಸ್ಕಿಯ ಮೇಲೆ ಕೇಂದ್ರದ ಸೀಮಾಸುಂಕ ಬಹುಕಾಲದಿಂದ ಶೇ. 150ರಷ್ಟಿದ್ದು, ಅದರ ಮೇಲೆ ರಾಜ್ಯದ ಅಬಕಾರಿ ಸುಂಕ, ಸಗಟು ಮತ್ತು ಚಿಲ್ಲರೆ ಲಾಭಾಂಶಗಳು ಕೂಡಿಕೊಳ್ಳುತ್ತವೆ. 2025ರ ಜುಲೈ 24ರಂದು ಬ್ರಿಟನ್ನಿನೊಡನೆ ಸಹಿಯಾದ ವ್ಯಾಪಾರ ಒಪ್ಪಂದದಲ್ಲಿ ಆ ಶೇ. 150ನ್ನು ಮೊದಲು 75ಕ್ಕೆ, ಹತ್ತು ವರ್ಷಗಳಲ್ಲಿ 40ಕ್ಕೆ ಇಳಿಸುವ ಮಾತಿದೆ. ಮಡಿಕೇರಿಯ ಅಂಗಡಿಯಲ್ಲಿ ಬೆಲೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆಂದು ಯಾರೂ ಭಾವಿಸಬಾರದು, ಏಕೆಂದರೆ ರಾಜ್ಯದ ಪಾಲನ್ನು ಆ ಒಪ್ಪಂದ ಮುಟ್ಟುವುದಿಲ್ಲ. ಆದರೂ ಸುಂಕರಹಿತ ಮಳಿಗೆಗೂ ಊರಿನ ಅಂಗಡಿಗೂ ಇರುವ ಅಂತರ ವರ್ಷದಿಂದ ವರ್ಷಕ್ಕೆ ಕಿರಿದಾಗಬಹುದು. ಆ ಅಂತರ ಬೆಂಗಳೂರು, ತಿರುವನಂತಪುರ, ಪುದುಚೇರಿಗಳಲ್ಲಿ ಒಂದೇ ತೆರನಾಗಿ ಕಿರಿದಾಗದಿದ್ದರೆ ಮಾಕುಟ್ಟದ ರಸ್ತೆಯಲ್ಲಿ ಬಾಟಲಿಗಳು ಯಾವ ದಿಕ್ಕಿಗೆ ಚಲಿಸುತ್ತವೆ ಎಂಬುದು ಬದಲಾಗುತ್ತದೆ. ದಕ್ಷಿಣದ ರಾಜ್ಯಗಳು ಮದ್ಯದ ಸುಂಕವನ್ನು ಒಟ್ಟಿಗೆ ಕುಳಿತು ಚರ್ಚಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ; ಒಬ್ಬರು ಇಳಿಸಿದ್ದನ್ನು ನೋಡಿ ಮತ್ತೊಬ್ಬರು ಇಳಿಸುತ್ತ ಹೋದರೆ ಬಾಲ್ಟಿಕ್ ದಡದಲ್ಲಿ ಆದದ್ದೇ ಇಲ್ಲಿಯೂ ಆಗುತ್ತದೆ.

ಈಗ ತರುವ ಕ್ರಮ. ವಿಮಾನದಲ್ಲಿ ಭಾರತಕ್ಕೆ ಬರುವ ವಯಸ್ಕ ಪ್ರಯಾಣಿಕರು ತಲಾ ಎರಡು ಲೀಟರ್ ಮದ್ಯ ಅಥವಾ ವೈನನ್ನು ಸುಂಕವಿಲ್ಲದೆ ತರಬಹುದು. ಹೊರಟ ಊರಿನಲ್ಲಿ ಕೊಂಡದ್ದು, ನಡುವಿನ ನಿಲ್ದಾಣದಲ್ಲಿ ಕೊಂಡದ್ದು, ಇಲ್ಲಿ ಇಳಿದ ಮೇಲೆ ಆಗಮನ ವಿಭಾಗದ ಮಳಿಗೆಯಲ್ಲಿ ಕೊಂಡದ್ದು ಎಲ್ಲವೂ ಈ ಎರಡು ಲೀಟರಿನೊಳಗೇ ಸೇರಬೇಕು. ಹೆಚ್ಚಾದರೆ ನಿಲ್ದಾಣದಲ್ಲಿ ಸೀಮಾಸುಂಕದವರ ಕೆಂಪು ಮಾರ್ಗದಲ್ಲಿ ಹೋಗಿ ಘೋಷಿಸಿ ಸುಂಕ ಕಟ್ಟುವುದೇ ನೇರವಾದ ದಾರಿ, ಆದರೆ ಆ ಸುಂಕ ಕಟ್ಟಿದ ಮೇಲೆ ಲಾಭವೇನೂ ಉಳಿಯುವುದಿಲ್ಲ. ಶೇ. 70ಕ್ಕಿಂತ ಹೆಚ್ಚು ತೀಕ್ಷ್ಣತೆಯ ಮದ್ಯವನ್ನು ವಿಮಾನದಲ್ಲಿ ಒಯ್ಯುವಂತೆಯೇ ಇಲ್ಲ, ಶೇ. 24ರಿಂದ 70ರ ನಡುವಿನದನ್ನು ತಯಾರಕರ ಮುಚ್ಚಿದ ಬಾಟಲಿಗಳಲ್ಲಿ ಒಬ್ಬರು ಐದು ಲೀಟರ್‌ವರೆಗೆ ಒಯ್ಯಬಹುದು ಎಂಬುದು ವಿಮಾನ ಸುರಕ್ಷತೆಯ ನಿಯಮವೇ ಹೊರತು ಸುಂಕದ ವಿನಾಯಿತಿಯಲ್ಲ, ಇವೆರಡನ್ನೂ ಬೆರೆಸಬಾರದು. ಸುಂಕರಹಿತ ಮಳಿಗೆಯವರು ಬಾಟಲಿಯನ್ನು ಮೊಹರು ಮಾಡಿದ ಪಾರದರ್ಶಕ ಚೀಲದಲ್ಲಿ ಕೊಡುತ್ತಾರೆ, ಅದನ್ನು ಮನೆ ತಲುಪುವವರೆಗೆ ಬಿಚ್ಚದಿರುವುದು ಲೇಸು. ಬೆಂಗಳೂರಿನಲ್ಲಿಳಿದು ಮಂಗಳೂರಿಗೆ ದೇಶೀಯ ವಿಮಾನ ಹಿಡಿಯುವವರು ಮಾತ್ರ ಬಾಟಲಿಯನ್ನು ಚೆಕ್-ಇನ್ ಚೀಲಕ್ಕೆ ಸೇರಿಸಿಬಿಡಬೇಕು, ಕೈಚೀಲದಲ್ಲಿದ್ದರೆ ಎರಡನೇ ಭದ್ರತಾ ತಪಾಸಣೆಯಲ್ಲಿ ತಡೆಯುವ ಸಾಧ್ಯತೆಯಿದೆ.

2018ರ ಡಿಸೆಂಬರಿನಲ್ಲಿ ಮಟ್ಟನ್ನೂರಿನ ಕಣ್ಣೂರು ವಿಮಾನ ನಿಲ್ದಾಣ ತೆರೆದ ಮೇಲೆ ದಕ್ಷಿಣ ಕೊಡಗಿನ ಅನೇಕರಿಗೆ, ಅದರಲ್ಲೂ ಕೊಲ್ಲಿಯಲ್ಲಿ ದುಡಿಯುವವರಿಗೆ, ಅದೇ ಹತ್ತಿರದ ನಿಲ್ದಾಣವಾಗಿದೆ. ಇರಿಟ್ಟಿ, ಮಾಕುಟ್ಟದ ಮೂಲಕ ವಿರಾಜಪೇಟೆಗೆ ಸುಮಾರು 60 ಕಿಲೋಮೀಟರ್. ಆದರೆ ಬೆಂಗಳೂರು ಅಥವಾ ಮಂಗಳೂರಿನಲ್ಲಿ ಇಳಿದವರಿಗಿಲ್ಲದ ಒಂದು ವಿಷಯ ಈ ದಾರಿಯಲ್ಲಿದೆ. ವಿಮಾನ ನಿಲ್ದಾಣದಲ್ಲಿ ದೇಶದ ಗಡಿಯನ್ನು ದಾಟಿದ ಬಾಟಲಿ ಮಾಕುಟ್ಟದಲ್ಲಿ ರಾಜ್ಯದ ಗಡಿಯನ್ನೂ ದಾಟಬೇಕು, ಮತ್ತು ಅಲ್ಲಿ ನೋಡುವವರು ಸೀಮಾಸುಂಕದವರಲ್ಲ, ಅಬಕಾರಿ ಮತ್ತು ಪೊಲೀಸ್ ಸಿಬ್ಬಂದಿ. ಬಾಟಲಿಯ ಮೇಲೆ ಕರ್ನಾಟಕದ ಅಬಕಾರಿ ಚೀಟಿ ಇರುವುದಿಲ್ಲವಾದ್ದರಿಂದ ಅದು ಎಲ್ಲಿಂದ ಬಂತೆಂದು ಕೇಳುವುದು ಅವರ ಕರ್ತವ್ಯ. ಹಾಗಾಗಿ ಸುಂಕರಹಿತ ಮಳಿಗೆಯ ಬಿಲ್ಲು, ಬೋರ್ಡಿಂಗ್ ಪಾಸು ಮತ್ತು ಆಗಮನದ ಮುದ್ರೆಯಿರುವ ಪಾಸ್‌ಪೋರ್ಟನ್ನು ಸೂಟ್‌ಕೇಸಿನ ತಳಕ್ಕೆ ಸೇರಿಸದೆ ಕೈಗೆಟುಕುವಲ್ಲಿ ಇಟ್ಟುಕೊಳ್ಳಬೇಕು. ಸ್ವಾಗತಿಸಲು ಬಂದ ನೆಂಟರ ಜೀಪಿನಲ್ಲಿ ಮಾಹೆಯ ಬಾಟಲಿಗಳೂ ಇದ್ದರೆ ಈ ಬಿಲ್ಲು ಅವುಗಳನ್ನು ಕಾಪಾಡುವುದಿಲ್ಲ. ತಂದದ್ದನ್ನು ಮನೆಯಲ್ಲಿ ಬಳಸುವುದಕ್ಕೂ ಮಂಟಪದಲ್ಲಿ ನೂರಾರು ಜನರಿಗೆ ಬಡಿಸುವುದಕ್ಕೂ ವ್ಯತ್ಯಾಸವಿದೆ. ಎರಡನೆಯದಕ್ಕೆ ಅಬಕಾರಿ ಇಲಾಖೆಯಿಂದ ಸಿ.ಎಲ್.-5 ಎಂಬ ಸಾಂದರ್ಭಿಕ ಸನ್ನದನ್ನು ಮೊದಲೇ ಪಡೆದಿರಬೇಕು, ಮದುವೆಯ ದಿನ ಗೊತ್ತಾದ ಕೂಡಲೇ ಅರ್ಜಿ ಹಾಕಿಕೊಂಡರೆ ಕೊನೆಯ ವಾರದ ಓಡಾಟ ತಪ್ಪುತ್ತದೆ.